ಬೆಟ್ಟವಿಲ್ಲದ ನಾಡಿನ ಬಯಲುನೋಟ

ವಿಜಯಪುರದ ಸೀಮೆಯಲ್ಲಿ ಚಿತ್ರ ತೆಗೆಯುವಂಥ ದೃಶ್ಯವೇನಿದೆ, ಬೆಟ್ಟವಿಲ್ಲ, ಕಾಡಿಲ್ಲ, ಎಂದು ಮಲೆನಾಡಿನ ಕಡೆಯಿಂದ ಬರುವ ಮಿತ್ರರು ಕೇಳುವುದುಂಟು. ಬೆಟ್ಟವಿಲ್ಲವೆಂಬುದು ದಿಟ; ದೃಶ್ಯವಿಲ್ಲವೆಂಬುದನ್ನು ನಾವು ಒಪ್ಪಲಾರೆವು. ಸಮನೆಲದ ಮೇಲೆ ನಿಂತವನಿಗೆ ಎದುರಿನ ಜೋಳದ ತೆನೆಯೇ ದಿಗಂತವಾಗಿಬಿಡುತ್ತದೆ. ಅವನನ್ನು ಕೊಂಚ ಎತ್ತರಕ್ಕೇರಿಸಿದರೆ ನೆಲವೆಲ್ಲವೂ ಪಟದಂತೆ ಬಿಚ್ಚಿಕೊಳ್ಳುವುದು. ಪ್ರಕೃತಿಯು ಈ ಊರಿಗೆ ಕೊಡದಿದ್ದ ಗಿರಿಶಿಖರವನ್ನು ಮನುಷ್ಯರೇ ಕಟ್ಟಿಕೊಂಡಿದ್ದಾರೆ.

ಅದೇ ಉಪಲಿ ಬುರುಜು. ಸರದಾರನಾದ ಹೈದರಖಾನನು 1583-84ರ ಸುಮಾರಿನಲ್ಲಿ ಇದನ್ನು ಕಟ್ಟಿಸಿದನು. ಎತ್ತರವು ಸುಮಾರು 80 ಅಡಿ. ಕಲ್ಲಿನ ಮೆಟ್ಟಿಲುಗಳು ಗೋಪುರದ ಹೊರಮೈಯನ್ನೇ ಬಳ್ಳಿಯಂತೆ ಸುತ್ತಿಕೊಂಡು ಏರುತ್ತವೆ. ಮಕ್ಕಳ ಕೈ ಹಿಡಿದುಕೊಂಡೇ ಹತ್ತತಕ್ಕದ್ದು. ಮೇಲೆ 30 ಅಡಿಗೂ ಮಿಕ್ಕು ಉದ್ದವಾದ ‘ಲಂಬಛಡಿ’ ತೋಪು ಮಲಗಿದೆ. ಶತ್ರುವನ್ನು ದೂರದಿಂದಲೇ ಕಾಣಲೆಂದು ಆರಿಸಿದ ಸ್ಥಳವು ಇಂದು ಚಿತ್ರಗಾರನಿಗೆ ಒದಗಿತು. ಪೂರ್ವಕ್ಕೆ ಗೋಲಗುಮ್ಮಟ, ಪಶ್ಚಿಮಕ್ಕೆ ಕೋಟೆಯ ಹೊರಗೆ ಇಬ್ರಾಹಿಂ ರೋಜಾ, ಅದರಾಚೆ ತೊರವಿ, ತಿಕೋಟೆಗಳ ದಿಕ್ಕು. ನೈರುತ್ಯದಲ್ಲಿ ಬಬಲೇಶ್ವರದ ದಿಕ್ಕು.

ಸಂಸ್ಕೃತದಲ್ಲಿ ಛಾಯೆಯೆಂದರೆ ನೆರಳು ಮಾತ್ರವಲ್ಲ, ಕಾಂತಿಯೂ ಹೌದು. ಛಾಯಾಚಿತ್ರವೆಂಬ ಹೆಸರನ್ನಿಟ್ಟವರು ಬಲ್ಲವರೇ ಇರಬೇಕು. ನಡುಮಧ್ಯಾಹ್ನದಲ್ಲಿ ಈ ಬಯಲಿಗೆ ನೆರಳೂ ಇಲ್ಲ, ಕಾಂತಿಯೂ ಇಲ್ಲ. ಎಲ್ಲವೂ ಬೂದಿ ಬಳಿದಂತೆ ತೋರುವುದು. ಬೆಳಗಿನಲ್ಲಿ ಬುರುಜಿನಿಂದ ನೋಡುವವನಿಗೆ ಸೂರ್ಯನು ಗುಮ್ಮಟದ ಬೆನ್ನಿಗಿರುವುದರಿಂದ ಅದು ಕಪ್ಪು ಆಕಾರವಾಗಿ ಮಾತ್ರ ಬೀಳುತ್ತದೆ. ಆದುದರಿಂದ ಮುಂಜಾನೆ ರೋಜಾದ ಕಡೆಗೂ ಸಂಜೆ ಗುಮ್ಮಟದ ಕಡೆಗೂ ಯಂತ್ರವನ್ನು ತಿರುಗಿಸಬೇಕು. ಬೇಸಿಗೆಯ ಧೂಳಿಗಿಂತ ಮಳೆ ತೊಳೆದ ಮರುದಿನದ ಗಾಳಿಯು ಎಷ್ಟೋ ಮೇಲು. ಕೈಯಲ್ಲಿನ ಮೊಬೈಲಿನಿಂದಲೂ ಇಷ್ಟನ್ನು ಸಾಧಿಸಬಹುದು. ಆದರೆ ಇಂದಿನ ತರುಣರು ಬಯಲಿಗೆ ಬೆನ್ನು ಮಾಡಿ ತಮ್ಮ ಮುಖವನ್ನೇ ತೆಗೆದುಕೊಂಡು ಇಳಿದುಹೋಗುತ್ತಾರೆ. ಮುಖವನ್ನು ಮನೆಯಲ್ಲಿಯೂ ತೆಗೆಯಬಹುದಷ್ಟೆ!

ಈ ಊರಿಗೆ ಛಾಯಾಯಂತ್ರವು ಬಂದದ್ದು ಬಹು ಹಿಂದೆ. ಮುಂಬಯಿ ಇಲಾಖೆಯ ತೋಪುದಳದ ಬಿಗ್ಸ್ ಎಂಬ ಅಧಿಕಾರಿಯನ್ನು 1855ರಲ್ಲಿ ಸರಕಾರವು ಹಳೆಯ ಕಟ್ಟಡಗಳ ಚಿತ್ರ ತೆಗೆಯಲು ನೇಮಿಸಿತು. ಅವನು ಕಾಗದದ ಮೇಲೆಯೇ ನೆಗೆಟಿವ್ ಮಾಡುತ್ತಿದ್ದನು. ಬೆಳಕನ್ನು ಬಹು ಹೊತ್ತು ಕುಡಿಸಬೇಕಾದುದರಿಂದ ನಡೆದಾಡುವ ಮನುಷ್ಯನು ಚಿತ್ರದಲ್ಲಿ ನಿಲ್ಲುತ್ತಲೇ ಇರಲಿಲ್ಲ. ಅವನೂ ಲಾಕ್ ಎಂಬವನೂ ತೆಗೆದ ಚಿತ್ರಗಳು, ಮೆಡೋಸ್ ಟೇಲರನ ಇತಿಹಾಸಲೇಖನದೊಡನೆ, 1866ರಲ್ಲಿ ಲಂಡನ್ನಿನಲ್ಲಿ ಗ್ರಂಥರೂಪವಾಗಿ ಹೊರಬಂದವು. 1686ರಲ್ಲಿ ಔರಂಗಜೇಬನ ಕೈಸೇರಿದ ಮೇಲೆ ಊರು ಹಾಳುಬಿದ್ದಿತ್ತು; ಜಿಲ್ಲೆಯ ಕಚೇರಿಯು ಕಲಾದಗಿಯಿಂದ ಇಲ್ಲಿಗೆ ಬಂದದ್ದು 1885ರಲ್ಲಿ. ಅವರಿಬ್ಬರು ಅಂದು ಯಂತ್ರವನ್ನು ಹೂಡಿದ್ದರಿಂದ ಆ ನಡುಗಾಲದ ವಿಜಾಪುರವು ಇಂದಿಗೂ ನಮ್ಮ ಕಣ್ಣಿಗೆ ಸಿಗುತ್ತದೆ.

ಕಟ್ಟಡಗಳಿಗಾದರೋ ಹೀಗೆ ಸಾಕ್ಷಿ ದೊರೆಯಿತು. ಹೊಲಗಳಿಗೆ? ಇದೇ ನಮ್ಮ ಚಿಂತೆ. ಗುಮ್ಮಟವು 1656ರಿಂದ ಈಚೆಗೆ ಅಲ್ಲಿಯೇ ನಿಂತಿದೆ, ನಾಳೆಯೂ ನಿಂತಿರುವುದು. ಬಯಲು ಮಾತ್ರ ನೋಡನೋಡುತ್ತಲೇ ಬೇರೆಯಾಗುತ್ತಿದೆ. ತೊರವಿಯನ್ನು ದಾಟಿ ತಿಕೋಟೆಯ ಕಡೆಗೆ ಸಾಗಿದರೆ ನೆಲವು ತೆಳುಮಣ್ಣಿನ ಏರುತಗ್ಗು. ನಮ್ಮ ಬಾಲ್ಯದಲ್ಲಿ ಅಲ್ಲಿ ಕಲ್ಲು, ಜಾಲಿ, ಕುರಿಮಂದೆ ಇಷ್ಟೇ. ಈಗ ದಿಣ್ಣೆಯೊಂದನ್ನು ಹತ್ತಿ ನಿಂತರೆ ದ್ರಾಕ್ಷಿಯ ಚಪ್ಪರಗಳ ಸಾಲು, ಒಣದ್ರಾಕ್ಷಿ ಮಾಡುವ ನೆರಳುಮನೆಗಳು, ಹನಿನೀರಿನ ಕೊಳವೆಗಳು. ಬರಗಾಲದಲ್ಲಿ ಟ್ಯಾಂಕರಿನಿಂದ ನೀರು ತಂದು ಬಳ್ಳಿಗಳನ್ನು ಉಳಿಸಿಕೊಂಡ ರೈತರ ನೆಲವಿದು.

ಬಬಲೇಶ್ವರದ ಹಾದಿಯ ಬಣ್ಣವೇ ಬೇರೆ. ಸಾರವಾಡದ ಬಳಿ ಡೋಣಿಯ ಕಣಿವೆ. ಎರೆಮಣ್ಣಿನ ಆಳವಾದ ಹೊಲಗಳು. ಡೋಣಿಯ ನೀರು ಉಪ್ಪು, ಪಾತ್ರದಲ್ಲಿ ಹೂಳು. ಮಳೆ ಮಿಕ್ಕರೆ ಹೊಲಕ್ಕೇ ನುಗ್ಗುವಳು. ಆದರೂ ಹಿಂಗಾರಿ ಜೋಳಕ್ಕೆ ಇವಳ ತೀರದಂಥ ನೆಲ ಮತ್ತೊಂದಿಲ್ಲವೆಂದು ನಮ್ಮವರ ಅಭಿಮಾನ. ಅದರಾಚೆ ಆದಿಲಶಾಹಿಯವರ ಕಾಲದ ಮಮದಾಪುರದ ಕೆರೆಯಿದೆ. ಮಳೆಯನ್ನೇ ನಂಬಿದ್ದ ಕೆರೆಗಳಿಗೆ ಈಚಿನ ವರುಷಗಳಲ್ಲಿ ಕೃಷ್ಣೆಯ ನೀರನ್ನು ಏತದಿಂದ ಹರಿಸುತ್ತಿದ್ದಾರೆ. ಒಣಗಿ ಬಿರಿದ ಕೆರೆಯಂಗಳದ ಚಿತ್ರವನ್ನು ಯಾರಾದರೂ ಮನೆಯಲ್ಲಿ ಇಟ್ಟಿದ್ದಾರೆಯೆ ಎಂದು ನಾವು ಹಲವರನ್ನು ಕೇಳಿನೋಡಿದೆವು. ಮದುವೆಯ ಚಿತ್ರಗಳಿದ್ದವು, ಗೋಲಗುಮ್ಮಟದ ಮುಂದೆ ನಿಂತ ಚಿತ್ರಗಳಿದ್ದವು; ಕೆರೆಯದು ಒಂದೂ ಇರಲಿಲ್ಲ.

ಆದುದರಿಂದ ವಾಚಕರಲ್ಲಿ ನಮ್ಮದೊಂದು ಬಿನ್ನಹ. ನಿಮ್ಮ ಊರಿನ ದಿಣ್ಣೆಯನ್ನೋ, ಮಾಳಿಗೆಯನ್ನೋ, ಬುರುಜನ್ನೋ ಗೊತ್ತುಮಾಡಿಕೊಂಡು ವರುಷಕ್ಕೊಮ್ಮೆ ಅದೇ ಜಾಗದಲ್ಲಿ, ಅದೇ ದಿಕ್ಕಿಗೆ ಮುಖಮಾಡಿ, ಒಂದು ಚಿತ್ರ ತೆಗೆಯಿರಿ. ಒಂದು ಮರವನ್ನೋ ಬಾವಿಕಟ್ಟೆಯನ್ನೋ ಮೂಲೆಯಲ್ಲಿ ಸೇರಿಸಿಕೊಂಡರೆ ಮುಂದಿನ ವರುಷ ಜಾಗವನ್ನು ಗುರುತಿಸುವುದು ಸುಲಭ. ತಿಥಿಯನ್ನೂ ಊರನ್ನೂ ಬರೆದಿಡಿ. ನಮ್ಮ ಮಟ್ಟಿಗೆ ಎಳ್ಳ ಅಮಾವಾಸ್ಯೆಯ ದಿನವೇ ಉತ್ತಮವಾದುದು. ಅಂದು ಹಿಂಗಾರಿ ಪೈರು ಹಸುರಾಗಿ ನಿಂತಿರುತ್ತದೆ, ಬಿಸಿಲು ಮೃದುವಾಗಿರುತ್ತದೆ. ಸಜ್ಜೆಯ ಕಡುಬು, ಪುಂಡಿಪಲ್ಯಗಳ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಚರಗ ಚೆಲ್ಲಲು ಹೊಲದಲ್ಲಿಯೇ ಇರುತ್ತಾರೆ.