ಕಾಗದ ಯಾರ ಹೆಸರಲ್ಲಿ?

ಭಾನುವಾರ ಬೆಳಿಗ್ಗೆ ಪ್ರಸಂಗ ಶುರುವಾದ ಮೇಲೆ ಅವ್ವ ಮೆಲ್ಲಗೆ ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲಿನ ಚಪ್ಪಲಿ ಎಣಿಸುತ್ತಿದ್ದಳು. ಪ್ರಾರ್ಥನೆಗೆ ಕೂತವರ ತಲೆ ಎಣಿಸಬಾರದು ಎಂಬುದು ಅವಳ ನಂಬಿಕೆ. ಮಕ್ಕಳ ಸಣ್ಣ ಚಪ್ಪಲಿ ಬಿಟ್ಟು ಉಳಿದ ಜೋಡಿಗಳಷ್ಟು ಕಪ್ಪು ಚಹಾಕ್ಕೆ ನೀರಿಡುವಳು. 1988ರಲ್ಲಿ ಈ ಲೆಕ್ಕ 9ಕ್ಕೆ ಮುಗಿಯುತ್ತಿತ್ತು. 2008ರ ಹೊತ್ತಿಗೆ 70 ದಾಟಿ, ಚಪ್ಪಲಿಗಳು ಕೆಳಗಿನ ಮನೆಯವರ ಹೊಸ್ತಿಲವರೆಗೂ ಇಳಿದಿದ್ದವು.

ನಾವು ಬೆಟಗೇರಿಯವರು. ಬಾಸೆಲ್ ಮಿಶನ್ನಿನ ಜರ್ಮನರು ಬಂದು ನೆಲೆಸಿದ ಊರು, ನಾನು ಹುಟ್ಟಿದ ಆಸ್ಪತ್ರೆಗೆ ಜನ ಇಂದಿಗೂ ಜರ್ಮನ್ ಆಸ್ಪತ್ರೆ ಎಂದೇ ಅನ್ನುತ್ತಾರೆ. ಅಪ್ಪ 1974ರಲ್ಲಿ ಪಿಂಪ್ರಿಯ ಒಂದು ಕಾರ್ಖಾನೆಗೆ ಫಿಟ್ಟರ್ ಆಗಿ ಬಂದ. ಪುಣೆಯಲ್ಲಿ ಚರ್ಚುಗಳಿಗೆ ಕೊರತೆ ಇರಲಿಲ್ಲ. ಇಂಗ್ಲಿಷಿನವು ಇದ್ದವು, ಮರಾಠಿಯವು ಇದ್ದವು, ಅಪ್ಪ ಎರಡಕ್ಕೂ ಹೋಗಿ ನೋಡಿದ. "ಮರಾಠಿಯೊಳಗ ದುಡೀಬಹುದು, ಜಗಳಾನೂ ಮಾಡಬಹುದು. ಪ್ರಾರ್ಥನಾ ಮಾಡಾಕ ಬರವಲ್ದು" ಎನ್ನುತ್ತಿದ್ದ. ಚಿಂಚವಾಡದಲ್ಲಿ ಮೊದಲ ಮಹಡಿಯ ಮನೆ ಕೊಂಡ ಎರಡು ವರ್ಷಕ್ಕೆ, ಊರ ಕಡೆಯ ನಾಲ್ಕು ಕುಟುಂಬ ಸೇರಿಸಿ ಕನ್ನಡದಲ್ಲಿ ಕೂಟ ಆರಂಭಿಸಿದ. ಒಂದು ಹಾರ್ಮೋನಿಯಂ, ಒಂದು ಸತ್ಯವೇದ, ಬೈಂಡು ಬಿಚ್ಚಿದ ಎರಡು ಗೀತಪುಸ್ತಕ. ಇಷ್ಟೇ ಬಂಡವಾಳ.

ನಾಲ್ಕು ಕುಟುಂಬ ಹೆಚ್ಚಾದದ್ದು ಬೇರೆ ದಾರಿಯಿಂದ. ತೊಂಬತ್ತರ ದಶಕದಲ್ಲಿ ನಮ್ಮ ಸುತ್ತ ಕಟ್ಟಡಗಳು ಏಳತೊಡಗಿದವು. ಅವನ್ನು ಕಟ್ಟುವವರು ಯಾದಗಿರಿ, ಕಲಬುರ್ಗಿ, ವಿಜಯಪುರದ ಕಡೆಯಿಂದ ಬರುತ್ತಿದ್ದರು. ಬೆಳಿಗ್ಗೆ ಮಜೂರ ಅಡ್ಡಾದಲ್ಲಿ ಬುತ್ತಿಗಂಟು ಹಿಡಿದು ಕೆಲಸಕ್ಕಾಗಿ ಕಾಯುತ್ತ ನಿಂತವರ ಬಾಯಲ್ಲಿ ನಮ್ಮದೇ ಮಾತು. ಅವರ ಮಕ್ಕಳು ಮರಳಿನ ಗುಡ್ಡೆಯ ಮೇಲೆ ಬೆಳೆಯುತ್ತಿದ್ದವು, ಶಾಲೆ ಮರಾಠಿಯದು. ಅವ್ವ ಸಂಜೆ ಐದಾರು ಹುಡುಗರನ್ನು ಕೂಡಿಸಿ ಅಕ್ಷರ ಕಲಿಸತೊಡಗಿದಳು, ಕನ್ನಡ, ಮರಾಠಿ ಎರಡೂ. ಅವರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ. ಬೆಳ್ಳಕ್ಕಿಯಂತೆ ಸಾಲಾಗಿ ಬಂದು, ಸ್ಲೇಟು ಒರೆಸಿ, ಬಿಸ್ಕಿಟ್ ತಿಂದು ಹೋಗುತ್ತಿದ್ದರು. ಕೆಲವರ ತಾಯಂದಿರು ಭಾನುವಾರವೂ ಬಂದು ಹಿಂದೆ ಗೋಡೆಗೊರಗಿ ಕೂರುತ್ತಿದ್ದರು. ವಾರಕ್ಕೊಮ್ಮೆ ಒಂದು ತಾಸು ಫ್ಯಾನಿನ ಕೆಳಗೆ ಕೂತು ಕನ್ನಡ ಕೇಳುವುದು ಅವರಿಗೆ ಏನಾಗಿತ್ತೆಂದು ನಾನು ಬಿಡಿಸಿ ಹೇಳಬೇಕಿಲ್ಲ, ಈ ಪತ್ರಿಕೆ ಓದುವವರಿಗೆ ಗೊತ್ತು.

1996ರಲ್ಲಿ ಅಪ್ಪ ಹಾಲಿಗೂ ಮಲಗುವ ಕೋಣೆಗೂ ನಡುವಿನ ಗೋಡೆ ಒಡೆಸಿದ. ಯಾದಗಿರಿಯ ಗೌಂಡಿಯೊಬ್ಬ ಬಂದು ಮೇಲೆ ತೊಲೆ ಇದೆಯೇ, ಗೋಡೆ ಭಾರ ಹೊತ್ತಿದೆಯೇ ಎಂದು ನೋಡಿ, ಬರೀ ಅಡ್ಡಗೋಡೆ ಎಂದು ಖಾತ್ರಿ ಮಾಡಿಕೊಂಡು ಅರ್ಧ ದಿನದಲ್ಲಿ ಕೆಡವಿದ. ಕೂಲಿ ಬೇಡವೆಂದ. ಗೋಡೆ ನಿಂತಿದ್ದ ಜಾಗದಲ್ಲಿ ಅದೇ ಬಣ್ಣದ ಫರಶಿ ಸಿಗದೆ ಕೆಂಪು ತುಂಡುಗಳನ್ನು ಕೂರಿಸಿದರು, ಮನೆಯ ನಡುವೆ ಒಂದು ಕೆಂಪು ಪಟ್ಟಿ. ಎಷ್ಟೋ ವರ್ಷಗಳ ಮೇಲೆ ನಾನು ಒಂದು ಕಡೆ ಓದಿದೆ: ಸಿರಿಯಾದಲ್ಲಿ, ಯೂಫ್ರೆಟಿಸ್ ನದಿಯ ದಂಡೆಯ ದುರಾ ಯುರೋಪಸ್ ಎಂಬ ಊರಲ್ಲಿ ಮೂರನೆಯ ಶತಮಾನದ ಒಂದು ಮನೆ ಉತ್ಖನನದಲ್ಲಿ ಸಿಕ್ಕಿದೆ. ಕ್ರೈಸ್ತರು ಕೂಡುತ್ತಿದ್ದ ಮನೆ. ಜನ ಹೆಚ್ಚಾದಾಗ ಅವರೂ ಎರಡು ಕೋಣೆಗಳ ನಡುವಿನ ಗೋಡೆ ತೆಗೆದು ಒಂದು ಮಾಡಿಕೊಂಡಿದ್ದರಂತೆ. 256ರ ಸುಮಾರಿಗೆ ಪರ್ಷಿಯನ್ನರ ಮುತ್ತಿಗೆಯಲ್ಲಿ ಊರೇ ಹಾಳಾಯಿತು, ಮನೆ ಮಣ್ಣಿನಡಿ ಉಳಿಯಿತು. ಅಪ್ಪನಿಗೆ ಓದಿ ಹೇಳಿದೆ. "ಅವರಿಗೂ ಫರಶಿ ಕೂಡಿರಲಿಕ್ಕಿಲ್ಲ ಬಿಡು" ಎಂದ.

ಗೋಡೆ ಒಡೆದದ್ದು ತಮ್ಮನ ಕೋಣೆಯದು. ಅವನಿಗೆ ಆಗ ಹದಿನೈದು, ಮುಂದಿನ ವರ್ಷ ಹತ್ತನೆಯ ತರಗತಿಯ ಪರೀಕ್ಷೆ. ಆಮೇಲೆ ಅವನು ಓದಿದ್ದು ಅಡುಗೆಮನೆಯಲ್ಲಿ, ಮಲಗಿದ್ದು ಹಾರ್ಮೋನಿಯಂ ಪಕ್ಕ. ಮದುವೆಯಾಗಿ ಬಂದ ಅವನ ಹೆಂಡತಿಗೂ ಭಾನುವಾರ ಬೆಳಿಗ್ಗೆ ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ ಇರಲಿಲ್ಲ. ಮನೆಯಲ್ಲಿ ನಡೆಯುವ ಸೇವೆಯ ಬಗ್ಗೆ ಸಾಕ್ಷಿ ಹೇಳುವವರು ಇದನ್ನೆಲ್ಲ ಹೇಳುವುದಿಲ್ಲ. ಒಂದೇ ಪಾಯಖಾನೆ, 70 ಜನ. ಕೆಳಗಿನ ಮನೆಯ ಮರಾಠಿ ಕಾಕು ಇಪ್ಪತ್ತು ವರ್ಷ ಸೈರಿಸಿದಳು. ಕೊನೆಗೊಂದು ದಿನ ಡಬ್ಬಿಯಲ್ಲಿ ಹೋಳಿಗೆ ತಂದು ಅವ್ವನ ಕೈಗಿತ್ತು, ಮೊಮ್ಮಗಳ ಬೋರ್ಡ್ ಪರೀಕ್ಷೆ ಇದೆ, ಢೋಲಕ ಬಾರಿಸಬೇಡಿ ಎಂದು ಕೇಳಿಕೊಂಡಳು. ದೂರು ಕೊಟ್ಟಿದ್ದರೆ ಜಗಳವಾಡಬಹುದಿತ್ತು. ಹೋಳಿಗೆಯ ಮುಂದೆ ಅಪ್ಪನಿಗೆ ಮಾತು ಹೊರಡಲಿಲ್ಲ. ಅಂದು ರಾತ್ರಿಯೇ ಬೇರೆ ಜಾಗ ಮಾಡಬೇಕೆಂದು ತೀರ್ಮಾನವಾಯಿತು.

ಪುಣೆಯಲ್ಲಿ ಜಾಗ ಹುಡುಕಿದವರಿಗೆ ಈ ಕತೆ ಹೊಸದಲ್ಲ. ಮೊದಲು ಸಿಕ್ಕಿದ್ದು ದೇಹೂರೋಡ್ ಕಡೆ, ನಂಬಲಾಗದಷ್ಟು ಅಗ್ಗ. ಮುಂಗಡ ಕೊಡುವ ಮೊದಲು ವಿಚಾರಿಸಿದರೆ ಮದ್ದುಗುಂಡಿನ ಡಿಪೋದ ಸುತ್ತಲಿನ ರೆಡ್ ಝೋನ್, ಅಲ್ಲಿ ಕಟ್ಟುವಂತೆಯೇ ಇಲ್ಲ. ಎರಡನೆಯದರ ಸಾತ್‌ಬಾರಾ ಉತಾರದಲ್ಲಿ, ನಮ್ಮ ಪಹಣಿ ಇದ್ದಂತೆ ಅದು, ಹನ್ನೊಂದು ವಾರಸುದಾರರ ಹೆಸರಿತ್ತು. ಮಾರಲು ಬಂದಿದ್ದವನು ಅವರಲ್ಲಿ ಒಬ್ಬ. ಮೂರನೆಯದು 2 ಗುಂಟೆ, ಚಿಖಲಿಯ ಕಡೆ. 2 ಗುಂಟೆ ಎಂದರೆ 2178 ಚದರಡಿ. ನಾನು ಸಹಕಾರಿ ಬ್ಯಾಂಕಿನಲ್ಲಿ ಲೆಕ್ಕ ಬರೆಯುವವಳು, ಕೂಟದ ಕಾಣಿಕೆಯ ಖಾತೆಯೂ ನನ್ನ ಕೈಯಲ್ಲೇ ಇತ್ತು. ಕಾಗದಗಳನ್ನು ನಾಲ್ಕು ಸಲ ಓದಿ ಸರಿ ಎಂದೆ.

ಆಗ ಅಪ್ಪ ಹೇಳಿದ, "ಖರೀದಿ ನನ್ನ ಹೆಸರಿಗೆ ಇರಲಿ. ಮುಂದ ನಿನ್ನ ತಮ್ಮ ನೋಡಿಕೋತಾನ."

ಕೂಟದ ಹಿರಿಯರಲ್ಲಿ ಯಾರೂ ಮಾತಾಡಲಿಲ್ಲ. ಮಾತಾಡಲು ಬಾಯೂ ಇರಲಿಲ್ಲ ಅನ್ನಿ. ಇಪ್ಪತ್ತು ವರ್ಷ ಅವರು ಕೂತದ್ದು ಅಪ್ಪನ ಚಾಪೆಯ ಮೇಲೆ, ಕುಡಿದದ್ದು ಅವ್ವನ ಚಹಾ. ಬೇಕಾಗಿದ್ದ ಹಣದಲ್ಲಿ ಎರಡೂವರೆ ಲಕ್ಷ ಅಪ್ಪನ ಪ್ರಾವಿಡೆಂಟ್ ಫಂಡಿನದೇ. ಆದರೆ ಉಳಿದದ್ದು? ಸುಗ್ಗಿ ಹಬ್ಬದ ಹರಾಜಿನದು, ನರ್ಸುಗಳ ಸಂಬಳದ್ದು, ಮಜೂರ ಅಡ್ಡಾದ ಹೆಂಗಸರು ವಾರವಾರ ಹಾಕಿದ ಹತ್ತು ರೂಪಾಯಿಗಳದು. ಗೋಡೆ ಒಡೆದ ಗೌಂಡಿಯ ಹೆಂಡತಿ ಒಂದು ಭಾನುವಾರ ಪಾತ್ರೆ ತೊಳೆಯುತ್ತ ನನ್ನನ್ನು ಕೇಳಿದಳು, "ಅಕ್ಕೋರೆ, ನಾವ್ ಕೊಟ್ಟ ಹತ್ತ್ ರೂಪಾಯಿ ಯಾರ ಹೆಸರಿಗಿ ಹೋಗ್ತದ್ರಿ?" ಕುಚೋದ್ಯಕ್ಕೆ ಕೇಳಿದ್ದಲ್ಲ. ಊರಲ್ಲಿ ಅವಳ ಗಂಡನ ಪಾಲಿನ ಹೊಲ ಕಾಗದವಿಲ್ಲದೆ ಅಣ್ಣಂದಿರ ಪಾಲಾಗಿತ್ತು.

ನಾನು ಹಣ ತೆಗೆಯಲು ಸಹಿ ಹಾಕಲಿಲ್ಲ.

ಟ್ರಸ್ಟ್ ನೋಂದಾಯಿಸಿ ಅದರ ಹೆಸರಿಗೇ ಖರೀದಿ ಆಗಲಿ ಎಂದೆ. ಮಹಾರಾಷ್ಟ್ರದಲ್ಲಿ ಇದಕ್ಕೆ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆ ಇದೆ, ಚಾರಿಟಿ ಕಮಿಷನರ್ ಕಚೇರಿ ಇದೆ. ಒಮ್ಮೆ ಟ್ರಸ್ಟಿನ ಆಸ್ತಿಯಾಯಿತೆಂದರೆ ಕಮಿಷನರರ ಅನುಮತಿ ಇಲ್ಲದೆ ಯಾರೂ ಮಾರುವಂತಿಲ್ಲ. ವರ್ಷವರ್ಷ ಲೆಕ್ಕ ತಪಾಸಣೆ ಆಗಬೇಕು. ಟ್ರಸ್ಟಿ ಬದಲಾದರೆ 90 ದಿನದಲ್ಲಿ ತಿಳಿಸಬೇಕು. ಮನೆಯಲ್ಲಿ ಶುರುವಾಗಿ ಮಕ್ಕಳ ಕಾಲಕ್ಕೆ ವ್ಯಾಜ್ಯದಲ್ಲಿ ನಿಂತ ಎರಡು ಮೂರು ಸಭೆಗಳನ್ನು ಬ್ಯಾಂಕಿನ ಕೆಲಸದಲ್ಲೇ ನಾನು ಕಂಡಿದ್ದೆ. ತಂದೆ ಸೇವೆ ಎಂದದ್ದನ್ನು ಮಕ್ಕಳು ವಾರಸಾ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುವುದಿಲ್ಲ, ಕಾಗದದಲ್ಲಿ ಒಂದೇ ಹೆಸರಿರುತ್ತದೆ ಅಷ್ಟೆ.

ಅಪ್ಪ ಮೂರು ವಾರ ನನ್ನೊಡನೆ ಮಾತು ಬಿಟ್ಟ. "ಕೊಟ್ಟ ಮನಿ ಹೆಣ್ಣು ಬಂದು ನನಗ ಕಾಯ್ದೆ ಹೇಳ್ತಾಳ" ಎಂದು ಅವ್ವನ ಮುಂದೆ ಹೇಳಿದನಂತೆ. ನನಗೂ ಸಿಟ್ಟಿತ್ತು. ಈಗ ಯೋಚಿಸಿದರೆ ಅವನ ನೋವು ದುಡ್ಡಿನದಲ್ಲ. ತಾನು ಬಾಗಿಲು ತೆರೆದರೆ ಕೂಟ, ಹಾಕಿದರೆ ಮನೆ. ಇಪ್ಪತ್ತು ವರ್ಷ ಹಾಗೆ ಬಾಳಿದವನಿಗೆ, ಬಾಗಿಲೇ ಇನ್ನೊಬ್ಬರದು ಎನ್ನುವುದು ಸುಲಭವಲ್ಲ.

ಮಧ್ಯಸ್ಥಿಕೆಗೆ ಬಂದವರು ನಮ್ಮ ಕೂಟದ ಮಂಗಳೂರಿನ ಹಿರಿಯರೊಬ್ಬರು. ಅವರ ಅಜ್ಜ ಬಾಸೆಲ್ ಮಿಶನ್ನಿನ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. 1865ರಲ್ಲಿ ಮಂಗಳೂರಲ್ಲಿ ಶುರುವಾದ ಆ ಕಾರ್ಖಾನೆಗಳು ಮೊದಲ ಮಹಾಯುದ್ಧದ ಕಾಲಕ್ಕೆ ಶತ್ರುಗಳ ಆಸ್ತಿ ಎನಿಸಿ, ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟಿನ ಕೈ ಸೇರಿದವು. ಕಾಗದದಲ್ಲಿ ಯಾರ ಹೆಸರಿದೆ ಎಂಬುದು ಸಣ್ಣ ಮಾತಲ್ಲ ಎಂದು ತಿಳಿಸಲು ಅವರು ಇದನ್ನು ಹೇಳಿದರು. ಅಪ್ಪ ಪೂರ್ತಿ ಕೇಳಿಸಿಕೊಂಡು, "ಅಲ್ರೀ, ಅಲ್ಲೂ ನುಂಗಿದ್ದು ಟ್ರಸ್ಟೇ ಅಲ್ಲೇನ್ರಿ?" ಎಂದ. ಮೂರು ವಾರದಲ್ಲಿ ಮೊದಲ ಸಲ ಮನೆಯಲ್ಲಿ ಎಲ್ಲರೂ ನಕ್ಕರು. ನಕ್ಕ ಮೇಲೆ ಗಂಟು ಸಡಿಲಾಯಿತು. ಬಿಚ್ಚಿದ್ದು ಮಾತ್ರ ತಮ್ಮ. "ಅಪ್ಪಾ, ನನಗ ಆ ಜಾಗಾ ಬ್ಯಾಡ. ನನ್ನ ಖೋಲಿ ನನಗ ಕೊಡು" ಎಂದ.

ಟ್ರಸ್ಟಿಗೆ ಏಳು ಜನ. ಒಂದೇ ಕುಟುಂಬದಿಂದ ಇಬ್ಬರು ಇರಕೂಡದು. ಐದು ವರ್ಷಕ್ಕೊಮ್ಮೆ ಆಯ್ಕೆ. ಮೊದಲ ಅಧ್ಯಕ್ಷ ಅಪ್ಪ. ನಾನು ಹೊರಗೇ ಉಳಿದೆ.

ಜಾಗ 2009ರಲ್ಲಿ ಆಯಿತು. ಗುಂಟೇವಾರಿ ಸಕ್ರಮ, ನಕ್ಷೆ, ಪರವಾನಗಿ ಎಂದು ಓಡಾಡಿದ್ದನ್ನು ಬರೆದರೆ ನಿಮ್ಮ ಭಾನುವಾರವೂ ಹಾಳು. ಪಾಯ ತೆಗೆದಾಗ ಸುತ್ತಲಿನ ಕೆಲವರು ಬಂದು ಏನು ಕಟ್ಟುತ್ತೀರಿ, ಯಾಕೆ ಕಟ್ಟುತ್ತೀರಿ ಎಂದು ವಿಚಾರಿಸಿದರು. ಮಾತು ಸ್ವಲ್ಪ ಬಿಸಿಯೂ ಆಯಿತು. ಅಪ್ಪ ನೋಂದಣಿ ಕಾಗದ, ನಕ್ಷೆ ತೋರಿಸಿದ, ಸಂಜೆ ಶಾಲೆ ಇಲ್ಲೇ ನಡೆಯುತ್ತದೆ, ನಿಮ್ಮ ಮಕ್ಕಳನ್ನೂ ಕಳಿಸಿ ಎಂದ. ಹೋಗುವಾಗ ಒಬ್ಬರು ನಳದ ನೀರಿನ ಸಮಯ ಹೇಳಿ ಹೋದರು. ಕಾಗದ ಟ್ರಸ್ಟಿನ ಹೆಸರಲ್ಲಿ ಇದ್ದದ್ದು ಅಂದು ಎಷ್ಟು ಉಪಕಾರವಾಯಿತೆಂದು ಅಪ್ಪ ನನ್ನೆದುರು ಹೇಳಲಿಲ್ಲ, ಅವ್ವನೆದುರು ಹೇಳಿದ.

ಮೇಲೆ ಏನು ಹಾಕುವುದು ಎಂದು ಮತ್ತೊಂದು ಚರ್ಚೆ. ಮಂಗಳೂರಿನ ಹಿರಿಯರಿಗೆ ಹಂಚೇ ಆಗಬೇಕು. ಲೆಕ್ಕ ಹಾಕಿದರೆ ಪತ್ರಾ ಅಗ್ಗ. ಆದರೆ ಪತ್ರಾದ ಕೆಳಗೆ ಮಳೆಗಾಲದಲ್ಲಿ ಪ್ರಸಂಗ ಕೇಳಿಸೀತೇ? ಕಡೆಗೆ ಸ್ಲ್ಯಾಬ್ ಎಂದಾಯಿತು, ಕಾರಣ ನಮ್ಮವರೇ ಹಾಕುವವರು. ಸೆಂಟ್ರಿಂಗ್ ಮಾಡುವವರು, ಸರಳು ಕಟ್ಟುವವರು, ಗೌಂಡಿ, ಬಿಗಾರಿ ಎಲ್ಲರೂ ಕೂಟದಲ್ಲೇ ಇದ್ದರು. 30 ಅಡಿಗೆ 40 ಅಡಿಯ ಹಾಲು. 2012ರ ನವೆಂಬರಿನ ಒಂದು ಶನಿವಾರ ಬೆಳಿಗ್ಗೆ ಆರಕ್ಕೆ ಮಿಕ್ಸರ್ ತಿರುಗಿತು. ಸ್ಲ್ಯಾಬ್ ನಡುವೆ ನಿಲ್ಲಿಸಬಾರದು, ನಿಲ್ಲಿಸಿದರೆ ಜೋಡಿನಲ್ಲಿ ನೀರು ಸೋರುತ್ತದೆ. ಹೆಂಗಸರು ಸಾಲಾಗಿ ನಿಂತು ಪುಟ್ಟಿಯಿಂದ ಪುಟ್ಟಿಗೆ ಮಾಲು ದಾಟಿಸಿದರು. ಸಿಮೆಂಟ್ ಸುಮಾರು 115 ಚೀಲ. ರಾತ್ರಿ ಒಂಬತ್ತಾದರೂ ಮುಗಿಯಲಿಲ್ಲ, ಬಲ್ಬು ಕಟ್ಟಿ ಸುರಿದರು. ಆ ದಿನದ ಕೂಲಿ ಬೇಡವೆಂದರು. ಬೇಡವೆನ್ನುವುದು ಅವರಿಗೆ ಎಷ್ಟು ದುಬಾರಿ ಎಂದು ಗೊತ್ತಿದ್ದ ಅಪ್ಪ ಒಪ್ಪಲಿಲ್ಲ. ಅರ್ಧ ಕೂಲಿಗೆ ರಾಜಿಯಾಯಿತು. ಮರುದಿನ ಸ್ಲ್ಯಾಬಿನ ಮೇಲೆ ಸಣ್ಣ ಸಣ್ಣ ಬದು ಕಟ್ಟಿ ನೀರು ನಿಲ್ಲಿಸಿದರು. ಎರಡು ವಾರ ಬೆಳಿಗ್ಗೆ ಸಂಜೆ ಅಪ್ಪ ಎರಡು ಬಸ್ಸು ಬದಲಿಸಿ ಹೋಗಿ ನೀರು ಹಾಯಿಸಿ ಬಂದ. ಯಾರನ್ನೂ ಕರೆಯಲಿಲ್ಲ.

ಮುಂದಿನ ಈಸ್ಟರಿಗೆ ಹೊಸ ಹಾಲಿನಲ್ಲಿ ಕೂಡಿದೆವು. ಎಲ್ಲರೂ ಬರಲಿಲ್ಲ. ಚಿಂಚವಾಡದಲ್ಲಿ ನಡೆದು ಬರುತ್ತಿದ್ದ ಮೂರು ಮುದುಕಿಯರಿಗೆ ಚಿಖಲಿ ದೂರ. ಸಂಜೆ ಶಾಲೆಯ ಹಳೆಯ ಮಕ್ಕಳು ಬಿಟ್ಟುಹೋದರು, ಅಲ್ಲಿನ ಹೊಸ ಮಕ್ಕಳು ಬಂದರು. ಅವ್ವನಿಗೆ ಬಾಗಿಲ ಹೊರಗೆ ಚಪ್ಪಲಿಯ ಸ್ಟ್ಯಾಂಡ್ ಇತ್ತು, ಗ್ಯಾಸ್ ಇರಲಿಲ್ಲ. ಕೆಲ ತಿಂಗಳು ಚಹಾ ಥರ್ಮಾಸಿನಲ್ಲಿ ಹೋಯಿತು, ಆಮೇಲೆ ನಿಂತಿತು. ಅದು ನನಗೆ ಇಂದಿಗೂ ಸರಿ ಅನ್ನಿಸಿಲ್ಲ. ಕಟ್ಟಡದ ನಕ್ಷೆಯಲ್ಲಿ ಅಡುಗೆಗೆ ಒಂದು ಮೂಲೆ ಬೇಕೆಂದು ಏಳು ಟ್ರಸ್ಟಿಗಳಲ್ಲಿ ಒಬ್ಬರಿಗೂ ಹೊಳೆಯಲಿಲ್ಲ, ಲೆಕ್ಕ ನೋಡಿದ ನನಗೂ.

ತಮ್ಮ ಮನೆಯಲ್ಲಿ ಗೋಡೆ ಮತ್ತೆ ಏರಿಸಿದ, ಸರಿಯಾಗಿ ಆ ಕೆಂಪು ಪಟ್ಟಿಯ ಮೇಲೆ.

ಅಪ್ಪ 2018ರಲ್ಲಿ ತೀರಿಕೊಂಡ. ಅಂತ್ಯಕ್ರಿಯೆಗೆ ಬಂದವರಲ್ಲಿ ಎಷ್ಟೋ ಜನ ಅವನ ಜಾಗಕ್ಕೆ ತಮ್ಮನೇ ಬರುವನೆಂದುಕೊಂಡಿದ್ದರು, ಒಬ್ಬಿಬ್ಬರು ಕೈ ಹಿಡಿದು ಹೇಳಿದರು ಕೂಡ. 90 ದಿನದೊಳಗೆ ಬದಲಾವಣೆಯ ವರದಿ ಕೊಡಬೇಕಿತ್ತು. ಕಾರಣ ಎಂಬ ಕಲಮಿನಲ್ಲಿ ನಿಧನ ಎಂದು ಬರೆದು, ಅಪ್ಪನ ಹೆಸರಿನ ಜಾಗದಲ್ಲಿ ಬೀದರಿನ ಒಬ್ಬ ನರ್ಸಿನ ಹೆಸರು ಬರೆದೆವು. ಗೌಂಡಿ ದಂಪತಿಗಳನ್ನು ಕೇಳೋಣವೆಂದರೆ ಅವರು ಅಷ್ಟರಲ್ಲಿ ಕೆಲಸ ಹುಡುಕಿ ಹೈದರಾಬಾದಿಗೆ ಹೋಗಿದ್ದರು.

ಸಂಜೆ ಅವ್ವನಿಗೆ ತಿಳಿಸಿದೆ. ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಕೇಳಿದಳು:

"ಆಕಿಗೆ ಚಾವಿ ಕೊಟ್ಟಿರೇನು? ಮೊದಲ ಬಾಗಲಾ ಒಂಚೂರು ತನ್ನ ಕಡೆ ಜಗ್ಗಿ ಆಮ್ಯಾಲೆ ತಿರುವಂತ ಹೇಳು. ಇಲ್ಲಾಂದ್ರ ಸಿಗಬೀಳ್ತೈತಿ."