ಲಾಡಿ ಮತ್ತು ಕ್ಲಚ್ಚು

ಲಂಗಕ್ಕೆ ಲಾಡಿ ಪೋಣಿಸದ ಹೆಂಗಸರು ನಮ್ಮಲ್ಲಿ ಯಾರಿದ್ದಾರೆ ಹೇಳಿ? ಬಟ್ಟೆಯನ್ನು ಒಂದು ಕೈಯಲ್ಲಿ ಬಿಗಿ ಹಿಡಿಯದೆ ಎಳೆದರೆ ಲಾಡಿ ಬರುವುದಿಲ್ಲ, ಪಟ್ಟಿಯೇ ನೆರಿಗೆ ನೆರಿಗೆಯಾಗಿ ಮುದುಡಿಕೊಂಡು ಬರುತ್ತದೆ. ಇಷ್ಟು ತಿಳಿದವರಿಗೆ ಕ್ಲಚ್ ಕೇಬಲ್ ಅರ್ಥವಾಗಲು ಇಂಜಿನಿಯರಿಂಗ್ ಬೇಕಿಲ್ಲವೆಂದು ಬಿ.ಎ., ಬಿ.ಎಡ್. ಮಾಡಿ ಕನ್ನಡ ಪಾಠ ಹೇಳುವ ನಾನು ಧೈರ್ಯವಾಗಿ ಹೇಳಬಲ್ಲೆ.

ನನ್ನ ಮಗಳು ಮೆಕ್ಯಾನಿಕಲ್ ಓದುತ್ತಿದ್ದಾಳೆ. ಕಾಲೇಜಿನ ಹನ್ನೆರಡು ಹುಡುಗರು, ಇಬ್ಬರು ಹುಡುಗಿಯರು ಸೇರಿ ಮೋಟಾರ್ ಸೈಕಲ್ಲಿನ ಎಂಜಿನ್ ಕೂರಿಸಿ ಒಬ್ಬರೇ ಕೂರುವ ಪುಟ್ಟ ರೇಸ್ ಕಾರು ಕಟ್ಟುತ್ತಿದ್ದಾರೆ. ಇಂಥ ವಿದ್ಯಾರ್ಥಿಗಳ ಸ್ಪರ್ಧೆ 1981ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಫಾರ್ಮುಲಾ ಎಸ್‌ಎಇ ಎಂಬ ಹೆಸರಿನಿಂದ ಶುರುವಾಯಿತು. ನಮ್ಮ ದೇಶದಲ್ಲಿ ಫಾರ್ಮುಲಾ ಭಾರತ್ ಕೊಯಮತ್ತೂರಿನ ಕಡೆ ನಡೆದುಕೊಂಡು ಬಂದಿದೆ.

ಇವರದು 373 ಸಿಸಿಯ ಕೆಟಿಎಂ ಎಂಜಿನ್. ಬೈಕಿನಲ್ಲಿ ಕ್ಲಚ್ಚು ಎಡಗೈ ಬೆರಳಿನ ಕೆಲಸ. ಇವರು ಅದನ್ನು ಎಡಗಾಲಿಗೆ ಒಪ್ಪಿಸಿದ್ದರು. ಎಂಜಿನ್ನೋ ಸೀಟಿನ ಹಿಂದೆ. ಹಾಗಾಗಿ ಪೆಡಲಿನಿಂದ ಹಿಂದಿನವರೆಗೆ ಉದ್ದದ ಕೇಬಲ್ಲು, ಅದೂ ಹೆಚ್ಚು ಬಳುಕದೆ, ಹೊಗೆ ಕೊಳವೆಯ ಶಾಖ ತಾಗದೆ ಹೋಗಬೇಕು.

ಒಂದು ಭಾನುವಾರ ಚಿತ್ರಾನ್ನದ ಡಬ್ಬಿ ಕೊಡಲು ಷೆಡ್ಡಿಗೆ ಹೋದೆ. "ಅಮ್ಮಾ, ಇದನ್ನ ಸ್ವಲ್ಪ ಹಿಡ್ಕೋ" ಎಂದಳು. ಅವಳು ಪೆಡಲ್ ಒತ್ತಿದಷ್ಟೂ ಕ್ಲಚ್ಚು ಬಿಡಲೊಲ್ಲದು. ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಕೇಬಲ್ಲಿನ ಹೊರಕವಚ ಸಿಕ್ಕಿಸಿದ್ದ ತೆಳು ತಗಡು ಬಾಗುತ್ತಿತ್ತು. "ಲಾಡಿ ಬರ್ತಿಲ್ಲ ಕಣೇ, ಪಟ್ಟಿ ಮುದುಡ್ತಿದೆ" ಎಂದೆ. ಹುಡುಗರು ನಕ್ಕರು. ಅವಳು ನಗಲಿಲ್ಲ. ಬಗ್ಗಿ ನೋಡಿ, ದಪ್ಪ ತಗಡು ಕತ್ತರಿಸಲು ಹೇಳಿದಳು. ಕಾಲಿನ ಬಲಕ್ಕೆ ಕೇಬಲ್ಲು ಹರಿಯದಿರಲೆಂದು ಪೆಡಲಿಗೆ ಅಡ್ಡವಾಗಿ ಒಂದು ಬೋಲ್ಟನ್ನೂ ಇಟ್ಟರು.

ಕೊನೆಗೆ ಅವಳು ಕೇಬಲ್ಲನ್ನು ಬೇಕೆಂದೇ ಕೊಂಚ ಸಡಿಲ ಬಿಟ್ಟಳು. ಏಕೆಂದು ಕೇಳಿದೆ. ಸಡಿಲವೇ ಇಲ್ಲದಿದ್ದರೆ ಕ್ಲಚ್ಚು ಪೂರ್ತಿ ಕಚ್ಚದೆ ಒಳಗಿನ ತಟ್ಟೆಗಳು ಜಾರಿ ಜಾರಿ ಸುಟ್ಟುಹೋಗುತ್ತವಂತೆ. ಅತಿ ಸಡಿಲವಾದರೆ ಕ್ಲಚ್ಚು ಪೂರ್ತಿ ಬಿಡದೆ ಗೇರು ಕಿರುಗುಟ್ಟುತ್ತದಂತೆ. ಬೈಕಿನ ಹಿಡಿಯಲ್ಲಾದರೆ ಎರಡು ಮೂರು ಮಿಲಿಮೀಟರ್ ಸಾಕಂತೆ.

ಆ ವಾರವೇ ಕೊಯಮತ್ತೂರಿಗೆ ಹೋಗಲು ಪೋಷಕರ ರುಜು ಬೇಕೆಂಬ ಕಾಗದ ಬಂತು. ಮನೆಗೆ ಬಂದಿದ್ದ ಅತ್ತಿಗೆಯವರು ಅದನ್ನು ಓದಿ, "ಅಷ್ಟು ಹುಡುಗರ ಜೊತೆ ಒಂದು ವಾರವೇ? ಹೆಣ್ಣುಮಗುವನ್ನ ಹೀಗೆ ಸಡಿಲ ಬಿಟ್ಟರೆ ಹೇಗೆ?" ಎಂದರು. ನನಗೂ ಹೆದರಿಕೆ ಇಲ್ಲವೆಂದಲ್ಲ. ಎರಡು ರಾತ್ರಿ ಅದನ್ನೇ ಯೋಚಿಸುತ್ತ ಮಲಗಿದ್ದೆ. ಆದರೆ ಷೆಡ್ಡಿನಲ್ಲಿ ಹುಡುಗರು ನಗುವಾಗಲೂ ತಾನು ನಗದೆ ಬಗ್ಗಿ ನೋಡಿದ ಹುಡುಗಿಯನ್ನು ನಾನು ಕಂಡಿದ್ದೆ.

"ಮೂರೇ ಮಿಲಿಮೀಟರ್, ಅತ್ತಿಗೆ" ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು ಅವರಿಗೆ ಕಾಫಿ ಕೊಟ್ಟೆ. ಆಮೇಲೆ ಒಳಗೆ ಹೋಗಿ ರುಜು ಹಾಕಿದೆ.