ಕೆರೆಯ ಅತಿಥಿಗಳು, ಹೊಲದ ದಾಸೋಹ

ಶರದೃತು ಮುಗಿಯುವ ಹೊತ್ತು. ಕಾರ್ತಿಕದ ಕೊನೆಯ ವಾರದ ಒಂದು ನಸುಕಿನಲ್ಲಿ ಹಳ್ಳಿಯ ಶಾಲೆಯ ಕನ್ನಡ ಅಧ್ಯಾಪಕರೊಬ್ಬರು ಹನ್ನೆರಡು ಮಕ್ಕಳನ್ನು ಕರೆದುಕೊಂಡು ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ಏರಿಗೆ ಬಂದರು. ಎಲ್ಲರಿಗೂ ಸೇರಿ ಇದ್ದುದು ಎರಡೇ ದುರ್ಬೀನುಗಳು. ಸರದಿಯ ಮೇಲೆ ನೋಡಬೇಕೆಂದು ಅವರು ಮೊದಲೇ ಹೇಳಿದ್ದರು.

ಸುಮಾರು 50 ಹೆಕ್ಟೇರ್ ಹರಹಿನ ಈ ಕೆರೆ ಮಳೆನೀರನ್ನು ಹಿಡಿದು ಹೊಲಗಳಿಗೆ ಉಣಿಸಲೆಂದು ಮನುಷ್ಯರೇ ಕಟ್ಟಿದ್ದು. ಹಕ್ಕಿಗಳು ಅದನ್ನು ತಮ್ಮದೂ ಮಾಡಿಕೊಂಡವು. ಅಘನಾಶಿನಿ ಅಳಿವೆ ಮತ್ತು ಅಂಕಸಮುದ್ರಗಳೊಡನೆ 2024ರಲ್ಲಿ ಇದು ರಾಮ್‌ಸಾರ್ ತಾಣಗಳ ಪಟ್ಟಿಗೆ ಸೇರಿತು. ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲವನ್ನು ಕಳೆಯುವ ದಕ್ಷಿಣ ಭಾರತದ ದೊಡ್ಡ ನೆಲೆಗಳಲ್ಲಿ ಇದೂ ಒಂದು.

ಬಾನು ಕೆಂಪೇರುತ್ತಿದ್ದಂತೆ ಆ ಹೆಬ್ಬಾತುಗಳು ಸಾಲುಸಾಲಾಗಿ ಬಂದು ನೀರಿಗಿಳಿದವು. ಬಿಳಿಯ ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆಗಳು. ಹಣೆಯ ಮೇಲೆ ಬಿಳಿಯ ನಾಮವಿಟ್ಟಂತಿರುವ ನಾಮದ ಕೋಳಿಗಳು ಪಕ್ಕಕ್ಕೆ ಸರಿದು ಎಡೆ ಬಿಟ್ಟವು. ಟಿಬೆಟ್ ಹಾಗೂ ಮಂಗೋಲಿಯಾದ ಎತ್ತರದ ನೆಲಗಳಲ್ಲಿ ಮರಿ ಮಾಡುವ ಈ ಹಕ್ಕಿಗಳು ಹಿಮಾಲಯವನ್ನು ದಾಟಿ ಬರುತ್ತವೆ. 7,000 ಮೀಟರಿಗೂ ಮೇಲೆ ಅವು ಹಾರಿದ್ದು ದಾಖಲಾಗಿದೆ. ತೆಳುಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುವ ಗುಣ ಅವುಗಳ ರಕ್ತಕ್ಕಿದೆ.

ಇದನ್ನೆಲ್ಲ ತಿಳಿಸಿದ ಅಧ್ಯಾಪಕರು, "ಹಾಗಾದರೆ ಇವು ಎಲ್ಲಿಂದ ಬಂದವು?" ಎಂದು ಕೇಳಿದರು.

ದುರ್ಬೀನನ್ನು ಕೈಗೆ ತೆಗೆದುಕೊಳ್ಳದೆ ಹಿಂದೆ ಕುಳಿತಿದ್ದ ಹುಡುಗನೊಬ್ಬ ಹೇಳಿದ: "ಈಗ ನಮ್ಮ ಹೊಲದಿಂದ ಬಂದಾವ್ರಿ ಸರ್."

ಮಕ್ಕಳು ನಕ್ಕರು. ಅಧ್ಯಾಪಕರು ನಗಲಿಲ್ಲ. ಹುಡುಗನ ಮಾತು ದಿಟವಾಗಿತ್ತು. ಹೆಬ್ಬಾತುಗಳು ಹಗಲು ನೀರಿನಲ್ಲಿ ವಿಶ್ರಮಿಸಿ, ಇರುಳು ಹೊಲಗಳಲ್ಲಿ ಮೇಯುತ್ತವೆ.

ಹೊತ್ತೇರಿದ ಮೇಲೆ ಅವರು ಮಕ್ಕಳೊಡನೆ ಆ ಹೊಲಕ್ಕೇ ಹೋದರು. ಎರೆಮಣ್ಣಿನಲ್ಲಿ ಎಳೆಯ ಕಡಲೆಯ ಕುಡಿಗಳು ಒಂದು ಮಗ್ಗುಲಲ್ಲಿ ಕತ್ತರಿಸಿದಂತೆ ಮೊಟಕಾಗಿದ್ದವು. ಸಾಲುಗಳ ನಡುವೆ ಹಿಕ್ಕೆ ಬಿದ್ದಿತ್ತು. ಹುಡುಗನ ತಂದೆ ಬದುವಿನ ಮೇಲೆ ನಿಂತು ಹೇಳಿದರು:

"ಡಬ್ಬಿ ಬಡಿದು ಎಬ್ಬಿಸಿದ್ರ ಬಾಜೂ ಹೊಲದಾಗ ಇಳೀತಾವ್ರಿ. ಅವನೂ ನಮ್ಮವನ ಅಲ್ಲೇನ್ರಿ? ಅವು ಸಿಟ್ಟಿಗೆ ಬಂದಿಲ್ಲ, ಹೊಟ್ಟಿಗೆ ಬಂದಾವು. ಆದ್ರ ಬೀಜದ ರೊಕ್ಕ ನಂದಲ್ರೀ."

ಅಧ್ಯಾಪಕರಲ್ಲಿ ಉತ್ತರವಿರಲಿಲ್ಲ. ಅವರು ಮಕ್ಕಳಿಗೆ ಹೆಜ್ಜೆಗಳಿಂದ ಆ ನೆಲವನ್ನು ಅಳೆಯಲು ಹೇಳಿದರು. ಸಂಜೆ ಶಾಲೆಯ ಪುಸ್ತಕದಲ್ಲಿ ಕಂಡ ಹಕ್ಕಿಗಳ ಪಟ್ಟಿ ಬರೆದಾದ ಮೇಲೆ, ಕೊನೆಯ ಸಾಲನ್ನು ಆ ಹುಡುಗನಿಗೆ ಬಿಟ್ಟುಕೊಟ್ಟರು. ಆತ ಬರೆದ: "ಉಂಡಿದ್ದು ಕಡಲೆ, ಎರಡು ಗುಂಟೆ. ಹೊಲ ನಮ್ಮಪ್ಪನದು."

ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮ ಶಿವಯೋಗಿಗಳು ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದರು. ಕೆರೆ ಕಟ್ಟುವವನು ಮುಂದೆ ಯಾರು ಬಂದು ನೀರು ಕುಡಿದಾರೆಂದು ಕೇಳುವುದಿಲ್ಲ. ಆದರೆ ದಾಸೋಹಕ್ಕೆ ಒಂದು ನಿಯಮವುಂಟು: ಅದು ಮನಸ್ಸು ಮೆಚ್ಚಿ ನಡೆಯಬೇಕು. ಒಬ್ಬನ ಕಣಜದಿಂದ ನಡೆಯುವ ಉಣಿಸನ್ನು ಮತ್ತೊಬ್ಬ ಏರಿಯ ಮೇಲೆ ನಿಂತು ಕಂಡು ಆನಂದಿಸಿ ಹೊರಟುಹೋದರೆ ಅದು ದಾಸೋಹವಾಗಲಾರದು. ಹಕ್ಕಿಯ ಹೆಸರು ಬಲ್ಲವರು ಅದಕ್ಕೆ ಉಣಬಡಿಸಿದವನ ಹೆಸರನ್ನೂ ಬಲ್ಲವರಾಗಬೇಕು. ಆತನ ನಷ್ಟದಲ್ಲಿ ತಮ್ಮದೊಂದು ಪಾಲು ಹೊರಬೇಕು. ಆಗ ಮಾತ್ರ ದೂರದಿಂದ ಬಂದ ಅತಿಥಿಗೆ ಇಡೀ ನಾಡು ಆತಿಥ್ಯ ನೀಡಿದಂತಾದೀತು.

ಮರುವಾರ ದುರ್ಬೀನಿನ ಮೊದಲ ಸರದಿಯನ್ನು ಮಕ್ಕಳು ಆ ಹುಡುಗನಿಗೇ ಕೊಟ್ಟರು. ಆತ ಬಹಳ ಹೊತ್ತು ನೋಡಿದ.